ಕಡೆಗೀಲಿನ ಅರಿಶಿಣ

ಹಳೆಯ ಜೀಪು ಸಾಕುವುದಕ್ಕೂ ಆನೆ ಸಾಕುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆನೆಯಾದರೆ ಬೆಳಿಗ್ಗೆ ತಾನಾಗಿ ಎದ್ದು ನಿಲ್ಲುತ್ತದೆ, ಅಷ್ಟೇ. ಸಲಾವುದ್ದೀನ್ ಮತ್ತು ಕರಿಬಸವ ಪಾಲಿನಲ್ಲಿ ಸಾಕಿಕೊಂಡಿದ್ದ ಜೀಪನ್ನು ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸದಿದ್ದರೆ ಬೆಳಿಗ್ಗೆ ಓಣಿಯ ಜನರನ್ನೆಲ್ಲ ಕರೆದು ನೂಕಿಸಬೇಕಾಗುತ್ತಿತ್ತು. ಯಾವುದೋ ಇಲಾಖೆಯವರು ಓಡಿಸಿ ಓಡಿಸಿ ಬೇಸತ್ತು ಹರಾಜಿಗೆ ಹಾಕಿದ ಗಾಡಿ ಅದು. ಹೊಸದನ್ನು ಕೊಳ್ಳುವ ಶಕ್ತಿ ಇಬ್ಬರಿಗೂ ಇರಲಿಲ್ಲ, ಗುಡ್ಡ ಹತ್ತಿಸುವ ಹುಚ್ಚು ಮಾತ್ರ ಬೇಕಾದಷ್ಟಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಾದೆ ಕಟ್ಟಿದವರು ಇಂಥವರನ್ನು ನೋಡಿಯೇ ಕಟ್ಟಿರಬೇಕು.

ಕರಿಬಸವನದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಮನೆ ಕಂಟೋನ್ಮೆಂಟಿನಲ್ಲಿ, ತಾಯಿ ಗಾದೆಮ್ಮ, ಹೆಂಡತಿ, ಮಕ್ಕಳ ಜೊತೆ. ಸಲಾವುದ್ದೀನನದು ಸಿರುಗುಪ್ಪದಲ್ಲಿ ಗಾಡಿಗಳ ಸೀಟು, ಟಾಪು, ಲಾರಿಯ ತಾಡಪಾಲು ಹೊಲಿಯುವ ಅಂಗಡಿ. ಮೀಸೆ ಮೂಡುವ ವಯಸ್ಸಿನಲ್ಲಿ ಇಬ್ಬರೂ ಬಳ್ಳಾರಿಯ ಒಬ್ಬನೇ ಟೇಲರನ ಕೈಕೆಳಗೆ ಕಾಜಾ ಹಾಕುವುದನ್ನು ಕಲಿತವರು. ಆಮೇಲೆ ಒಬ್ಬ ಮನುಷ್ಯರಿಗೆ ಪ್ಯಾಂಟು ಹೊಲಿಯತೊಡಗಿದ, ಇನ್ನೊಬ್ಬ ಗಾಡಿಗಳಿಗೆ. ಜೀಪಿನ ಕಾಗದ ಕರಿಬಸವನ ಹೆಸರಿನಲ್ಲಿತ್ತು. ಗಾಡಿ ಮಾತ್ರ ಒಂದಷ್ಟು ದಿನ ಕಂಟೋನ್ಮೆಂಟಿನ ಬೇವಿನ ಮರದ ಕೆಳಗೆ, ಒಂದಷ್ಟು ದಿನ ಸಿರುಗುಪ್ಪದ ಅಂಗಡಿಯ ಮುಂದೆ. ಬಾನೆಟ್ಟಿನ ಒಳಗಿನ ರೋಗವೆಲ್ಲ ಕರಿಬಸವನ ಪಾಲು, ಬಾನೆಟ್ಟಿನ ಹೊರಗೆ ಮತ್ತು ಕೆಳಗೆ ಇರುವುದೆಲ್ಲ ಸಲಾವುದ್ದೀನನ ಪಾಲು.

ರೋಗಕ್ಕೇನು ಬರವೇ? ರೇಡಿಯೇಟರ್ ಬೆಸುಗೆ ಹಾಕಿಸಿದ ವಾರಕ್ಕೆ ಕ್ಲಚ್ಚು ಸುಡುತ್ತಿತ್ತು. ಕ್ಲಚ್ಚು ಸರಿಯಾದ ಮೇಲೆ ಕಮಾನುಪಟ್ಟಿ ಮುರಿಯುತ್ತಿತ್ತು. ಬಿಡಿಭಾಗ ಹುಡುಕಿಕೊಂಡು ಗುಜರಿ ಅಂಗಡಿಗಳಲ್ಲಿ ಕೂತರೆ ಮಧ್ಯಾಹ್ನದ ಊಟವೂ ಅಲ್ಲೇ. ಇಷ್ಟೆಲ್ಲ ಮಾಡಿ ಭಾನುವಾರ ಬೆಳಿಗ್ಗೆ ಕುರುಗೋಡಿನ ಗುಡ್ಡದ ಬಂಡೆಯ ಮೇಲೆ ಅದು ಕೆಮ್ಮುತ್ತ, ಹೊಗೆಯುಗುಳುತ್ತ, ಒಂದೊಂದೇ ಗಾಲಿ ಇಟ್ಟು ಹತ್ತುವಾಗ ಇಬ್ಬರಿಗೂ ಹೆಂಡತಿ, ಮಕ್ಕಳು, ಅಂಗಡಿ ಎಲ್ಲ ಮರೆತುಹೋಗುತ್ತಿತ್ತು. ಮೇಲೆ ಹೋಗಿ ಮಾಡುವುದೇನು ಅಂದರೆ ಏನೂ ಇಲ್ಲ. ಬುತ್ತಿ ಬಿಚ್ಚಿ ರೊಟ್ಟಿ ತಿಂದು ಮತ್ತೆ ಇಳಿಯುವುದು.

ಈ ಜೀಪಿನ ಮುಂದಿನ ಎರಡು ಗಾಲಿಗಳ ನಟ್ಟನಡುವೆ ಅಂಗೈಯಗಲದ ಒಂದೊಂದು ಬಿರಡೆ ಇತ್ತು. ಡಾಂಬರು ರಸ್ತೆಯಲ್ಲಿ ಅದನ್ನು ಸಡಿಲ ಬಿಟ್ಟರೆ ಮುಂದಿನ ಗಾಲಿಗಳು ಸುಮ್ಮನೆ ಉರುಳುತ್ತವೆ, ಡೀಸೆಲ್ ಉಳಿಯುತ್ತದೆ. ಕೆಸರೋ ಬಂಡೆಯೋ ಎದುರಾದರೆ ಇಳಿದು ಎರಡನ್ನೂ ಕೈಯಿಂದ ತಿರುವಿ ಬಿಗಿ ಮಾಡಬೇಕು. ಆಮೇಲೆ ಒಳಗಿನ ಸಣ್ಣ ಗೇರು ಹಾಕಿದರೆ ನಾಲ್ಕು ಗಾಲಿಯೂ ಎಳೆಯುತ್ತವೆ. ಎರಡರಲ್ಲಿ ಒಂದು ಬಿರಡೆ ಕೈಕೊಟ್ಟರೂ ಮುಂದಿನ ಜೋಡಿ ಎರಡೂ ದಂಡ. ಹಬ್ ಲಾಕು ಅಂತ ಅದರ ಹೆಸರು.

ಗಾದೆಮ್ಮನಿಗೆ ಅದು ಕಡೆಗೀಲು. ಆಕೆ ಬಾದನಹಟ್ಟಿಯ ಬಂಡಿ-ಬೇಸಾಯದ ಮನೆಯ ಮಗಳು. ಬಂಡಿಯ ಗಾಲಿ ಅಚ್ಚಿನಿಂದ ಕಳಚಿ ಬೀಳದಂತೆ ಹಿಡಿದಿಡುವುದು ಕಡೆಗೀಲು, ಅದಕ್ಕೆ ಅಮಾವಾಸ್ಯೆಗೊಮ್ಮೆ ಹರಳೆಣ್ಣೆ ಉಣಿಸಿ ಅರಿಶಿಣ ಹಚ್ಚಬೇಕು, ಇಲ್ಲದಿದ್ದರೆ ಮುನಿಸಿಕೊಳ್ಳುತ್ತದೆ ಅಂತ ಆಕೆಯ ತಂದೆ ಕಲಿಸಿದ್ದ. ಜೀಪು ಮನೆಗೆ ಬಂದ ಮೊದಲ ಅಮಾವಾಸ್ಯೆಯಲ್ಲೇ ಗಾದೆಮ್ಮ ಗಾಲಿಯ ನಡುವೆ ಆ ಬಿರಡೆ ಕಂಡು, ಇದೂ ಅದೇ ಅಂದುಕೊಂಡಳು. ಹರಳೆಣ್ಣೆಯಲ್ಲಿ ಅರಿಶಿಣ ಕಲಸಿ, ಸಂದುಗೊಂದು ಬಿಡದೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿ, ಮೇಲೆ ಕುಂಕುಮವಿಟ್ಟು, ತೆಂಗಿನಕಾಯಿ ಒಡೆದು ನೀರು ಹೊಯ್ದಳು. ಭಕ್ತಿ ಇದ್ದಲ್ಲಿ ಕೈ ಧಾರಾಳ.

ಆ ಸಲ ಜೀಪು ಸಿರುಗುಪ್ಪಕ್ಕೆ ಬಂದಾಗ ಸಲಾವುದ್ದೀನ್ ಬಿರಡೆ ತಿರುವಲು ಹೋದ. ಅದು ಅಲ್ಲಾಡಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಹಳದಿ ಅಂಟು. ಅದು ಯಾರ ಕೈ ಅಂತ ಅವನಿಗೆ ಗೊತ್ತಿತ್ತು. ಡೀಸೆಲ್‌ನಲ್ಲಿ ತೊಳೆದು, ಹೊಸ ಗ್ರೀಸು ತುಂಬಿ ಮುಚ್ಚಿದ. ಇಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ಗೆಳೆಯನ ತಾಯಿ ಹಚ್ಚಿದ್ದನ್ನು ಒರೆಸಿದೆ ಅಂತ ಗೊತ್ತಾದರೆ ಏನಂದುಕೊಂಡಾರು ಅಂತ ಯೋಚನೆ ಬಂತು. ಅಡುಗೆಮನೆಗೆ ಹೋಗಿ ಚಿಟಿಕೆ ಅರಿಶಿಣ ತಂದು, ನೀರಲ್ಲಿ ಕಲಸಿ, ಬಿರಡೆಯ ನೆತ್ತಿಯ ಮೇಲೆ ತೆಳ್ಳಗೆ ಬಳಿದ.

"ಸಾರಿಗೆ ಹಾಕೋ ಅರಿಶಿಣ ಗಾಡಿಗೆ ಹಚ್ಚಾಕತ್ತೀರಲ್ರಿ," ಅಂತ ಹೆಂಡತಿ ಆಸ್ಫಿಯಾ ನಕ್ಕಳು. "ಆಯಮ್ಮಗ ಒಂದು ಮಾತು ಹೇಳಿಬಿಡ್ರಿ."

"ದೊಡ್ಡಾಕಿ. ಯಾಕ ಮನಸ್ಸಿಗೆ ನೋವು ಮಾಡಾದು," ಅಂದ ಸಲಾವುದ್ದೀನ್.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯ ಮನುಷ್ಯ ಅವನು. ಇಂಥವರು ಒಮ್ಮೆ ಸುಮ್ಮನಿದ್ದರೆ ಮುಗಿಯಿತು, ಆಮೇಲೆ ಸುಮ್ಮನಿರುವುದೇ ಒಂದು ಉದ್ಯೋಗವಾಗುತ್ತದೆ. ಪ್ರತಿ ಅಮಾವಾಸ್ಯೆಗೆ ಆಕೆ ತುಂಬುವುದು, ಅದು ಕಳೆದ ಮೇಲೆ ಇವನು ತೊಳೆಯುವುದು, ಮೇಲೊಂದು ಬಳಿಯುವುದು. ಹೀಗೆ ವರ್ಷಗಳೇ ಕಳೆದವು. ಕರಿಬಸವನಿಗೂ ಹೇಳಲಿಲ್ಲ. ಹೇಳಿದರೆ ಅವನು ತಾಯಿಗೆ ಹೇಳುತ್ತಾನೆ, ತಾಯಿ ನೊಂದುಕೊಳ್ಳುತ್ತಾಳೆ, ಮತ್ತೆ ಇದು ಓಣಿಯಲ್ಲಿ ಯಾರ ಕಿವಿಗಾದರೂ ಬಿದ್ದರೆ ಅರಿಶಿಣ ಒರೆಸಿದವನು ಯಾರು, ಅವನ ಹೆಸರೇನು ಅಂತ ಶುರುವಾಗುತ್ತದೆ. ಕಾಲ ಅಂಥದ್ದು. ಅದಕ್ಕಿಂತ ಒಂದು ಬಟ್ಟಲು ಡೀಸೆಲ್ ಅಗ್ಗ ಅಂದುಕೊಂಡಿದ್ದ ಸಲಾವುದ್ದೀನ್.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಬಂದದ್ದು ಶನಿವಾರ. ಮಣ್ಣಿನ ಎತ್ತು ಮಾಡಿ ಪೂಜಿಸುವ ಹಬ್ಬ. ಬಂಡಿಯ ಮನೆಯಲ್ಲಿ ಹುಟ್ಟಿದ ಗಾದೆಮ್ಮನಿಗೆ ವರ್ಷಕ್ಕೇ ದೊಡ್ಡ ಅಮಾವಾಸ್ಯೆ. ಎರಡು ಎತ್ತು ಜಗುಲಿಯ ಮೇಲಿಟ್ಟಳು, ಇನ್ನೆರಡನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟಳು, ಕಡೆಗೀಲಿಗೆ ಎಂದಿಗಿಂತ ಎರಡು ಪಾಲು ಎಣ್ಣೆ-ಅರಿಶಿಣ ಉಣಿಸಿದಳು. ಮರುದಿನವೇ ಭಾನುವಾರ, ಬಳ್ಳಾರಿಯ ಜೀಪಿನವರೆಲ್ಲ ಕೂಡಿ ಕುರುಗೋಡಿಗೆ ಹೊರಟಿದ್ದರು. ಸಲಾವುದ್ದೀನ್ ಸಿರುಗುಪ್ಪದಿಂದ ಬಸ್ಸು ಹಿಡಿದು ಬರುವ ಹೊತ್ತಿಗೆ ಕರಿಬಸವ ಗಾಡಿ ಶುರು ಮಾಡಿಕೊಂಡು ಕಾಯುತ್ತಿದ್ದ. ತೊಳೆಯುವುದಕ್ಕೆ ಎಲ್ಲಿ ಪುರುಸೊತ್ತು? ಒಂದು ಸಲಕ್ಕೆ ಏನಾಗುತ್ತದೆ ಬಿಡು ಅಂತ ಸಲಾವುದ್ದೀನ್ ಹತ್ತಿ ಕೂತ.

ಬಾದನಹಟ್ಟಿಯ ಕಡೆಯ ಹಳ್ಳದಲ್ಲಿ ಹಿಂದಿನ ದಿನದ ಮಳೆಯ ನೀರಿತ್ತು. ದಂಡೆಯೆಲ್ಲ ಎರೆಮಣ್ಣು. ಬೇಸಿಗೆಯಲ್ಲಿ ಕಲ್ಲಿನಂತಿದ್ದು ಮಳೆ ಬಿದ್ದ ಕೂಡಲೇ ಚಪ್ಪಲಿಯನ್ನೂ ಬಿಡದೆ ಕಿತ್ತುಕೊಳ್ಳುವ ಮಣ್ಣು. ಎರಡು ಗಾಡಿ ದಾಟಿದವು. ಕರಿಬಸವ ನಿಲ್ಲಿಸಿ, "ಇಳಿಯಲೇ, ಹಬ್ಬು ತಿರುವು," ಅಂದ.

ಸಲಾವುದ್ದೀನ್ ಇಳಿದ. ಎಡಗಡೆಯದು ಕಷ್ಟಪಟ್ಟು ತಿರುಗಿತು. ಬಲಗಡೆಯದು ಅರ್ಧಕ್ಕೆ ನಿಂತಿತು. ಪಾನಾದ ಹಿಡಿಯಿಂದ ಕುಟ್ಟಿದ, ಚೂರು ಸರಿದಂತೆ ಕಂಡಿತು. ಹಿಂದೆ ಸಾಲಾಗಿ ಗಾಡಿಗಳು ನಿಂತು ಹಾರ್ನು ಬಾರಿಸುತ್ತಿದ್ದವು. ಇಲ್ಲಿ ಬಿಚ್ಚಿದರೆ ಎಲ್ಲರ ಮುಂದೆ ಒಳಗಿನದು ಕಾಣುತ್ತದೆ.

"ಆತೇನು?"

"ಆತು, ಹೊಡಿ," ಅಂದುಬಿಟ್ಟ.

ಜೀಪು ಹಳ್ಳಕ್ಕಿಳಿದು, ಆಚೆ ದಂಡೆಗೆ ಮೂತಿಯಿಟ್ಟು, ಅಲ್ಲೇ ನಿಂತಿತು. ಹಿಂದಿನ ಗಾಲಿಗಳು ಕೆಸರು ಎರಚಿದವು, ಮುಂದಿನವು ಅಲ್ಲಾಡಲಿಲ್ಲ. ಕರಿಬಸವ ಒತ್ತಿದಷ್ಟೂ ಗಾಡಿ ಕೂತಿತು. ಕಡೆಗೆ ಅಚ್ಚು ಮಣ್ಣಿಗೆ ಹತ್ತಿದ ಮೇಲೆ ಅವನೂ ಕೈಬಿಟ್ಟ. ಹೊಲದಲ್ಲಿದ್ದ ಟ್ರ್ಯಾಕ್ಟರಿನವನನ್ನು ಕರೆದು, ಹಗ್ಗ ಕಟ್ಟಿ ಎಳೆಸಿ, ದಂಡೆಗೆ ತಂದು ನಿಲ್ಲಿಸುವ ಹೊತ್ತಿಗೆ ಗುಂಪಿನವರೆಲ್ಲ ಇಳಿದು ಸುತ್ತ ನೆರೆದಿದ್ದರು. ಅವರಲ್ಲಿ ಮಾರೇಶ್ ಎಂಬೊಬ್ಬ, ಹೊಸ ಗಾಡಿಯ ಒಡೆಯ, ಉಪಕಾರಿ ಮನುಷ್ಯ. ಉಪಕಾರಿಗಳಿಗೆ ಬಾಯಿ ಸ್ವಲ್ಪ ಸಡಿಲ. ಅವನೇ ಪಾನಾ ತಂದು ಬಲಗಡೆಯ ಹಬ್ಬು ಬಿಚ್ಚಿದ. ಒಳಗಿನಿಂದ ಅರಿಶಿಣ, ಕುಂಕುಮ, ಎಣ್ಣೆ ಕೂಡಿ ಮುದ್ದೆಯಾದದ್ದು ಬೆರಳಿಗೆ ಹತ್ತಿಕೊಂಡು ಬಂತು.

"ಏನ್ರಿ ಕರಿಬಸವಣ್ಣ, ಒಳಗ ಉಪ್ಪಿನಕಾಯಿ ಹಾಕೀರೇನು?" ಅಂದ ಮಾರೇಶ್.

ಎಲ್ಲರೂ ನಕ್ಕರು. ಒಬ್ಬ ಮೊಬೈಲು ತೆಗೆದು ಹಿಡಿದ. ಕರಿಬಸವನೂ ಮೊದಲು ನಕ್ಕ, ಆಮೇಲೆ ಮುಖ ಕೆಂಪಗಾಯಿತು. "ಅವ್ವಗ ಇವತ್ತು ಹೇಳೇಬಿಡ್ತೀನಿ. ಎಲ್ಲಾದಕ್ಕೂ ಒಂದು ಮಿತಿ ಬ್ಯಾಡೇನು," ಅಂದ.

ಗೆಳೆಯನ ಕಿವಿಯ ಹತ್ತಿರ ಬಂದು ಸಲಾವುದ್ದೀನ್ ಮೆಲ್ಲಗೆ ಅಂದ: "ಆಯಮ್ಮಗ ಏನೂ ಅನ್ನಬ್ಯಾಡಲೇ. ತಪ್ಪು ನಂದು. ಈ ಸಲ ತೊಳಿಯಾಕ ಆಗಲಿಲ್ಲ."

"ಈ ಸಲ ಅಂದ್ರ?"

ಮಾತು ಬಾಯಿಂದ ಬಿದ್ದಾಗಿತ್ತು. ಸಲಾವುದ್ದೀನ್ ಉಳಿದದ್ದನ್ನೂ ಹೇಳಿದ. ತೊಳೆಯುವುದು, ಗ್ರೀಸು ತುಂಬುವುದು, ಮೇಲೆ ತಾನೇ ಅರಿಶಿಣ ಬಳಿದು ಕಳಿಸುವುದು, ಎಲ್ಲ. ಕರಿಬಸವ ಕೇಳಿಸಿಕೊಂಡ. ಗುಡ್ಡಕ್ಕೆ ಹೋಗಲಿಲ್ಲ, ಜೀಪನ್ನು ಬಳ್ಳಾರಿಯ ಕಡೆ ತಿರುಗಿಸಿದ.

"ಇಷ್ಟು ವರ್ಷ ನಮ್ಮವ್ವನ ಮುಂದ ನಾಟಕ ಆಡಿದಿ," ಅಂದ ಊರು ಕಾಣಿಸಿದ ಮೇಲೆ. "ನನ್ನ ಮುಂದನೂ ಆಡಿದಿ."

"ನಾಟಕ ಏನು ಬಂತಲೇ ಇದರಾಗ? ಆಕಿ ಮನಸ್ಸಿಗೆ..."

"ನನ್ನ ಮನಿಯಾಗ ನಿನಗ ಬಾಯಿ ಬಿಟ್ಟು ಹೇಳಾಕ ಆಗಲಾರದ್ದು ಐತಿ ಅಂತ ನನಗ ಗೊತ್ತಿದ್ದಿಲ್ಲ. ಮನಿ ಮಗ ಅಂತ ತಿಳಕೊಂಡಿದ್ದೆ. ನೀ ಬೀಗರ ಹಂಗ ಬಂದು ಹೋಗ್ತಿದ್ದಿ." ಗೇರು ಬದಲಿಸಿ ಮುಂದುವರಿಸಿದ: "ಸಾಕು ಬಿಡು. ಹೊಸಪೇಟೆ ರೋಡಿನ ಢಾಬಾದವ ಕೇಳಾಕತ್ತು ಬಹಳ ದಿನ ಆತು. ಕೊಟ್ಟುಬಿಡೋಣ."

ಆ ಢಾಬಾದವನು ಜೀಪನ್ನು ಓಡಿಸುವವನಲ್ಲ. ಗಾಲಿ ಕಿತ್ತು, ಇಟ್ಟಿಗೆಯ ಮೇಲೆ ಕೂರಿಸಿ, ಬಣ್ಣ ಬಳಿದು, ಬಲ್ಬಿನ ಸರ ಸುತ್ತಿ, ಬಾಗಿಲಲ್ಲಿ ನಿಲ್ಲಿಸುವವನು. ಅದು ಇಬ್ಬರಿಗೂ ಗೊತ್ತಿತ್ತು. ಸಲಾವುದ್ದೀನ್ ಬ್ಯಾಡ ಅನ್ನಬೇಕಿತ್ತು, ಅನ್ನಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಇಳಿದು ಸಿರುಗುಪ್ಪದ ಬಸ್ಸು ಹತ್ತಿದ.

ಆಮೇಲಿನ ದಿನಗಳಲ್ಲಿ ಅವನು ಒಂದು ಲಾರಿಯ ಸೀಟನ್ನು ತಲೆಕೆಳಗಾಗಿ ಹೊಲಿದ. ಬಿಚ್ಚಿ ಮತ್ತೆ ಹಾಗೇ ಹೊಲಿದ. ಜೀಪು ಹೋದರೆ ಭಾನುವಾರ ಹೋಗುತ್ತದೆ. ಭಾನುವಾರ ಹೋದರೆ ಕರಿಬಸವ ಹೋಗುತ್ತಾನೆ. ಮದುವೆ ಮುಂಜಿಯಲ್ಲಿ ಎದುರಾದಾಗ ಆರಾಮೇನ್ರಿ ಅಂತ ಕೇಳಿಕೊಳ್ಳುವ ಗೆಳೆಯರ ಸಾಲಿಗೆ ಅವನೂ ಸೇರುತ್ತಾನೆ. ಅಂಥವರು ಸಲಾವುದ್ದೀನನಿಗೆ ಬೇಕಾದಷ್ಟು ಜನ ಇದ್ದರು. ಇವನೊಬ್ಬ ಬೇರೆ ಇದ್ದ. ಢಾಬಾದವನು ಶುಕ್ರವಾರ ಬಂದು ಗಾಡಿ ಎಳೆದೊಯ್ಯುತ್ತಾನೆ ಅಂತ ಕರಿಬಸವನ ಫೋನು ಬಂತು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

"ಅಂಗಡಿ ಮುಚ್ಚಿ ಹೋಗ್ರಿ ಮೊದಲು," ಅಂದಳು ಆಸ್ಫಿಯಾ. "ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳ್ರಿ."

ಹೋದ. ಕಂಟೋನ್ಮೆಂಟಿನ ಮನೆಯ ಮುಂದೆ ಜೀಪು ಕೆಸರು ಮೆತ್ತಿಕೊಂಡೇ ನಿಂತಿತ್ತು. ಗಾದೆಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಚವಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಬಾ ಯಪ್ಪಾ ಸಲಾವುದ್ದೀನಾ, ಕುಂದ್ರು. ಗಾಡಿ ಕೊಡ್ತಾನಂತ ನೋಡು ಇವ. ಯಾಕಲೇ ಅಂದ್ರ ಹಳೇದಾಗೈತಿ ಅಂತಾನ. ತಂದಾಗ ಏನು ಹೊಸಾದಿತ್ತೇನು?"

ಮಗ ತಾಯಿಗೆ ಏನೂ ಹೇಳಿಲ್ಲ ಅಂತ ಆಗ ಗೊತ್ತಾಯಿತು. ಎದ್ದು ಹೋಗಿಬಿಡಬಹುದಿತ್ತು. ಸಲಾವುದ್ದೀನ್ ಕೂರಲಿಲ್ಲ, ಕಂಬ ಹಿಡಿದು ನಿಂತು ಹೇಳಿದ. ಹಳ್ಳದಲ್ಲಿ ಸಿಕ್ಕಿಬಿದ್ದದ್ದು, ಹಬ್ಬಿನಲ್ಲಿ ಅರಿಶಿಣ ಅಂಟಿದ್ದು, ತಾನು ಪ್ರತಿ ಸಲ ತೊಳೆಯುತ್ತಿದ್ದದ್ದು. ಗಾದೆಮ್ಮನ ಕೈ ನಿಂತಿತು.

"ನಾ ಹಚ್ಚಿದ್ದು ಗಾಡಿಗೆ ಕೇಡಾ ಅದು?"

"ಹೂನ್ರಿ ಅವ್ವಾರ. ಬಂಡಿ ಕೀಲಿಗೆ ಎಣ್ಣಿ ಬೇಕು. ಇದು ಒಳಗ ತಿರುಗೋದು, ಸಂದಿನ್ಯಾಗ ಅಂಟಿದ್ರ ಹಿಡಕೊಂಡುಬಿಡತೈತಿ."

"ಮುಂದಿನ ಸಲ ಬಂದಾಗ ಅರಿಶಿಣ ಇರ್ತಿತ್ತಲ್ಲ?"

"ಅದು ನಾ ಹಚ್ಚಿದ್ದು."

ಆಕೆ ಅವನ ಕೈಗಳನ್ನು ನೋಡಿದಳು. ನೋವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. "ಒಂದು ಮಾತು ಕೇಳ್ತೀನಿ. ನಿಮ್ಮವ್ವ ಕುಬ್ರಾಬಿ ಹಿಂಗ ಮಾಡಿದ್ರ ಏನು ಮಾಡ್ತಿದ್ದಿ?"

ಸಲಾವುದ್ದೀನ್ ಸುಳ್ಳು ಹೇಳಲು ಹೋಗಲಿಲ್ಲ. "ಒಂದ್ಸಲ ಹೊಲಿಗಿ ಮಷಿನ್ನಿಗೆ ಕೊಬ್ಬರಿ ಎಣ್ಣಿ ಬಿಟ್ಟಿದ್ಲು. ಓಣಿಗೆಲ್ಲ ಕೇಳಂಗ ಕೂಗ್ಯಾಡಿದ್ದೆ. ಆಕೀನೂ ಬಿಡಲಿಲ್ಲ. ಪೊರಕಿ ತಗೊಂಡು ಬಂದ್ಲು."

"ಮತ್ತ ನನಗ್ಯಾಕ ಹೇಳಲಿಲ್ಲ? ಬೈತೀನಂತ ಹೆದರಿಕ್ಯಾ?"

"ಬೈಯಂಗಿಲ್ಲಂತ ಹೆದರಿಕಿ ಅವ್ವಾರ." ಸಲಾವುದ್ದೀನ್ ತಡೆಯದೆ ಹೇಳಿದ. "ಕರಿಬಸವಗ ದಿನಾ ಬೈತೀರಿ. ನನಗ ಇಷ್ಟು ವರ್ಷದಾಗ ಒಂದು ಮಾತು ಬೈದಿಲ್ಲ. ನಾ ಹೇಳಿದ್ರ ನೀವು ಆತು ಬಿಡಪ್ಪ ಅಂದು, ಸುಮ್ಮನ ಹಚ್ಚೋದು ನಿಲ್ಲಿಸಿಬಿಡ್ತಿದ್ರಿ. ಆಮ್ಯಾಲೆ ಬಾ ಯಪ್ಪಾ, ಕುಂದ್ರು ಯಪ್ಪಾ ಅಂತಿದ್ರಿ, ಅಷ್ಟಾ. ಅದು ನನಗ ಬ್ಯಾಡಾಗಿತ್ತು."

ಗಾದೆಮ್ಮ ಚವಳಿಕಾಯಿಯ ಮೊರ ಪಕ್ಕಕ್ಕೆ ಸರಿಸಿದಳು. ನೆಲಕ್ಕೆ ಕೈಯೂರಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಲೇ ಮುಠ್ಠಾಳಾ," ಅಂದಳು, ಮೊದಲು ಮೆಲ್ಲಗೆ, ಹೊಸ ಚಪ್ಪಲಿಯಲ್ಲಿ ನಡೆದು ನೋಡುವವರ ಹಾಗೆ. ಆಮೇಲೆ ದನಿ ಏರಿತು. "ಎಮ್ಮಿ ಅಂಥವನ, ಇಷ್ಟು ವರ್ಷ ನಾ ಗಾಡಿ ಕೆಡಿಸಾದು ನೋಡಿಕೋತ ಕುಂತಿದ್ದೇನು? ಬಾಯಾಗ ಏನು ಕಡಬು ಇಟ್ಕೊಂಡಿದ್ದಿ? ಗುಡ್ಡದ ಮ್ಯಾಲೆ ಆ ಕೀಲು ಕೈಕೊಟ್ಟಿದ್ರ, ಇಬ್ಬರೂ ಉರುಳಿ ಬಿದ್ದಿದ್ರ, ನಿಮ್ಮವ್ವಗ ನಾ ಏನಂತ ಮಾರಿ ತೋರಿಸಬೇಕಿತ್ತು? ಅಡಿಗಿ ಅರಿಶಿಣ ಹಚ್ಚಿ ತರ್ತಾನಂತ ನನಗ. ಶ್ಯಾಣ್ಯಾ. ಬಹಳ ಶ್ಯಾಣ್ಯಾ ಅದೀದಿ. ಹೆಣ್ತಿ ಹೇಳಿದ್ರೂ ಕೇಳಿರಂಗಿಲ್ಲ ನೀನು, ನನಗ ಗೊತ್ತೈತಿ ನಿನ್ನ ಸುದ್ದಿ, ಹುಂಬ ನನ್ನ ಮಗನ!"

ಎದುರುಮನೆಯ ಗಂಗಕ್ಕ ಗೇಟಿನ ತನಕ ಬಂದು ನಿಂತಳು. ಒಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಕರಿಬಸವ ಲುಂಗಿ ಸರಿಮಾಡಿಕೊಳ್ಳುತ್ತ ಓಡಿ ಬಂದ.

"ಏನಾತವ್ವಾ? ನಾ ಏನ್ ಮಾಡೀನಿ?"

"ನಿನಗಲ್ಲಲೇ, ಇವನಿಗೆ ಬೈಯಾಕತ್ತೀನಿ. ನಿನ್ನ ಪಾಳಿ ಇನ್ನಾ ಬಂದಿಲ್ಲ."

ಕರಿಬಸವ ತಾಯಿಯನ್ನು ನೋಡಿದ, ಆಮೇಲೆ ಗೆಳೆಯನನ್ನು ನೋಡಿದ. ಸಲಾವುದ್ದೀನ್ ಕಂಬಕ್ಕೆ ಒರಗಿ, ತಲೆ ತಗ್ಗಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಬೈಸಿಕೊಳ್ಳುತ್ತಿದ್ದ. ಇಷ್ಟು ಸಂತೋಷ ಅವನಿಗೆ ಬಹಳ ಕಾಲದಿಂದ ಆಗಿರಲಿಲ್ಲ. ಅದನ್ನು ಕರಿಬಸವನೂ ಕಂಡಿರಬೇಕು. ಸಿಟ್ಟು ಹಿಡಿದಿಟ್ಟುಕೊಳ್ಳಲು ಒಮ್ಮೆ ನೋಡಿದ, ಆಗಲಿಲ್ಲ.

"ಢಾಬಾದವಗ ಫೋನ್ ಹಚ್ಚು," ಅಂದಳು ಗಾದೆಮ್ಮ. "ಗಾಡಿ ಕೊಡಂಗಿಲ್ಲಂತ ಹೇಳು."

"ಅರ್ಧ ಇವಂದೂ ಐತಲ್ಲವ್ವಾ. ಇವ ಏನಂತಾನ ಒಂದು ಮಾತು..."

"ಇವನನ್ನೇನು ಕೇಳ್ತಿ? ನಾ ಹೇಳಾಕತ್ತೀನಿ."

ಕರಿಬಸವ ಫೋನು ಹುಡುಕುತ್ತ ಒಳಗೆ ಹೋದ. ಅವನ ಹಿಂದೆ ಹೋಗಲು ಸಲಾವುದ್ದೀನ್ ಕಂಬ ಬಿಟ್ಟು ಒಂದು ಹೆಜ್ಜೆ ಇಟ್ಟ.

"ನೀ ಎಲ್ಲಿ ಹೊಂಟಿ?" ಅಂದಳು ಗಾದೆಮ್ಮ. "ನಿಲ್ಲಲೇ ಅಲ್ಲೇ. ನಂದಿನ್ನಾ ಮುಗಿದಿಲ್ಲ."

ಸಲಾವುದ್ದೀನ್ ನಿಂತ.